ತಿಬೇರಿಯು ಹೇಳಿದ ಒಂದೇ ಸುಳ್ಳು

ಮೂರು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಮನುಷ್ಯನ ನಾಲಿಗೆಯನ್ನೇ ನೆಚ್ಚಿಕೊಂಡು ನಾನು ಪಾಠ ಮಾಡಬೇಕಾಗಿ ಬಂತು. ನನ್ನ ಹಣೆಬರಹ ಅಂದರೆ ಹೀಗೆಯೇ.

ಆ ಮನುಷ್ಯ ತಿಬೇರಿಯು, ಪೋದು ಆಲ್ಬ್ ಎಂಬ ನಮ್ಮ ಊರಿನ ಶಾಲೆಯ ಇಂಗ್ಲಿಷ್ ಮೇಷ್ಟ್ರು. ಎತ್ತರದ ಆಳು, ಚಳಿಗಾಲ ಪೂರ್ತಿ ಒಂದೇ ಬೂದು ಸ್ವೆಟರ್. ಸುಳ್ಳು ಹೇಳಲು ಬಾರದ ಪ್ರಾಣಿ. ಮೇಯರ್ ಮಗಳಿಗೆ ಹತ್ತಕ್ಕೆ ನಾಲ್ಕು ಕೊಟ್ಟು ಫೇಲ್ ಮಾಡಿದ್ದ. ಮೇಯರ್ ಖುದ್ದಾಗಿ ಬಂದು ಕೇಳಿದಾಗ, "ನಿಮ್ಮ ಮಗಳು ಓದಿಲ್ಲ, ಅಷ್ಟೆ" ಎಂದು ಕಾಫಿ ಹೀರುತ್ತ ಕೂತಿದ್ದ.

ನಾನು ಸ್ಮರಂದಾ, ಜೀವಶಾಸ್ತ್ರದ ಟೀಚರ್. ಅವನು ಖಾಯಂ, ನಾನು ಬದಲಿ. ವರ್ಷಕ್ಕೊಮ್ಮೆ ಹೆಡ್‌ಮೇಡಂ ಕಾಗದಕ್ಕೆ ಸಹಿ ಹಾಕಿದರೆ ಈ ಊರಲ್ಲಿ ಉಳಿಯುತ್ತೇನೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುತ್ತೇನೆ. ಹಾಗೆ ಕಟ್ಟಿ ಕಟ್ಟಿ ಮೂರು ಊರು ದಾಟಿ ಇಲ್ಲಿಗೆ ಬಂದವಳು. ಐದನೆಯ ಊರಿಗೆ ಹೋಗಲು ಮನಸ್ಸಿರಲಿಲ್ಲ. ಕಾರಣ ಇಂಗ್ಲಿಷ್ ಮೇಷ್ಟ್ರು. ಇದನ್ನು ಯಾರಿಗೂ ಹೇಳಿರಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಶಾಲೆ ಬಿಟ್ಟ ಮೇಲೆ ಬಸ್ ಸ್ಟಾಪಿನ ತನಕ ಜೊತೆಗೆ ಬರುತ್ತಿದ್ದ. ಅವನ ಮನೆ ಇರುವುದು ಅದರ ತದ್ವಿರುದ್ಧ ದಿಕ್ಕಿಗೆ. "ಕಾಲಿಗೆ ಸ್ವಲ್ಪ ವ್ಯಾಯಾಮ" ಎನ್ನುತ್ತಿದ್ದ, ಅದೊಂದು ಮಾತ್ರ ಅರ್ಧ ಸತ್ಯ. ಜೇಬಿನಿಂದ ಅವರ ಮನೆಯ ಮರದ ಆಕ್ರೋಟು ತೆಗೆದು, ಬೆರಳಲ್ಲೇ ಒಡೆದು, ತಿರುಳು ಮುರಿಯದ ಹಾಗೆ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದ. ಮುರಿದದ್ದನ್ನು ತಾನು ತಿನ್ನುತ್ತಿದ್ದ. ಚಳಿಗಾಲದ ಬಹುಪಾಲು ಹೀಗೆ ಕಳೆಯಿತು, ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಬಾಯಿ ಬಿಡಲಿಲ್ಲ.

ಆಮೇಲೆ ವಿದೇಶಿ ಅತಿಥಿಗಳ ಸುದ್ದಿ ಬಂತು. ಪೋರ್ಚುಗಲ್, ಪೋಲೆಂಡ್, ಟರ್ಕಿಯಿಂದ ಆರು ಜನ ಶಿಕ್ಷಕರು, ವಿನಿಮಯ ಕಾರ್ಯಕ್ರಮ, ಫೆಬ್ರವರಿ ಕೊನೆಯ ವಾರ. ನಮ್ಮ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ ತಿಬೇರಿಯುವಿನದು. ಹೆಡ್‌ಮೇಡಂ ಒಲಿಂಪಿಯಾ ನನ್ನನ್ನು ಕರೆದು ಬಾಗಿಲು ಹಾಕಿದರು.

"ಆರನೇ ಕ್ಲಾಸ್ 'ಬಿ' ಸೆಕ್ಷನ್ನಿಗೆ ಮಾದರಿ ಪಾಠ ನೀನು ಮಾಡು. ಚೆನ್ನಾಗಾದ್ರೆ ಮುಂದಿನ ವರ್ಷಕ್ಕೂ ಸಹಿ ಹಾಕ್ತೀನಿ."

"ಚೆನ್ನಾಗಿ ಆಗ್ಲಿಲ್ಲಾಂದ್ರೆ?"

"ಆಗ್ಲಿಲ್ಲಾಂದ್ರೆ ಆಗಸ್ಟಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ ಕ್ಯೂ ನಿಂತ್ಕೊ. ಎಲ್ರೂ ಆರಿಸಿ ಬಿಟ್ಟ ಊರು ನಿನಗೆ ಸಿಗುತ್ತೆ. ಮಕ್ಕಳನ್ನ ಸರಿಯಾಗಿ ತಯಾರು ಮಾಡು. ಹೇಗೆ ಅಂತ ನಾನು ಹೇಳ್ಕೊಡಬೇಕಾ?"

ಹೇಳಿಕೊಡುವ ಅಗತ್ಯವಿರಲಿಲ್ಲ. ನಮ್ಮಲ್ಲಿ ಮಾದರಿ ಪಾಠ ಅಂದರೆ ಎಲ್ಲರಿಗೂ ಗೊತ್ತು. ಪ್ರಶ್ನೆ ಕೇಳಿದ ಕೂಡಲೇ ಇಡೀ ಕ್ಲಾಸು ಕೈ ಎತ್ತಬೇಕು, ನೋಡುವವರಿಗೆ ಹಬ್ಬ. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರ್ ಬಲಗೈಯವರನ್ನು ಮಾತ್ರ ಎಬ್ಬಿಸುತ್ತಾಳೆ. ನಾನು ಚಿಕ್ಕವಳಿದ್ದಾಗ ಗಣಿತದ ಪಾಠಕ್ಕೆ ಎಡಗೈ ಎತ್ತಿ ಎತ್ತಿ ಭುಜ ನೋಯಿಸಿಕೊಂಡವಳು.

ಬಾಗಿಲು ಸರಿಯಾಗಿ ಹಾಕದೆ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದೆ. ತಿಬೇರಿಯು ಕಾರಿಡಾರಿನಲ್ಲಿ ನಿಂತಿದ್ದನಂತೆ. ಸ್ಟಾಫ್ ರೂಮಿನಲ್ಲಿ, ಏಳು ಜನರ ಎದುರಿಗೆ, ನೇರವಾಗಿ ಕೇಳಿಯೇ ಬಿಟ್ಟ.

"ಸ್ಮರಂದಾ ಮೇಡಂ, ಮಕ್ಕಳಿಗೆ ಏನು ಹೇಳ್ಕೊಡ್ತಿದ್ದೀರಿ?"

"ಮೀನು ಹೇಗೆ ಉಸಿರಾಡುತ್ತೆ ಅಂತ."

"ಅಲ್ಲ. ಗೊತ್ತಿಲ್ದೇ ಇರೋದನ್ನ ಹೇಗೆ ಮುಚ್ಚಿಡೋದು ಅಂತ."

ನನ್ನ ಮೈ ಉರಿದುಹೋಯಿತು. ಬೇರೆ ಯಾರಾದರೂ ಅಂದಿದ್ದರೆ ನಕ್ಕು ಬಿಡುತ್ತಿದ್ದೆ. ಅವನು ಅಂದದ್ದಕ್ಕೆ ಉರಿಯಿತು.

"ನೀವು ಖಾಯಂ ಇದ್ದೀರಿ ತಿಬೇರಿಯು ಸರ್. ಸತ್ಯ ಹೇಳಿದ್ರೆ ನಿಮ್ಮ ಕುರ್ಚಿ ಅಲ್ಲಾಡಲ್ಲ. ನನ್ನ ಜಾಗದಲ್ಲಿ ಒಂದು ದಿನ ನಿಂತು ನೋಡಿ, ಆಮೇಲೆ ಪ್ರವಚನ ಕೊಡಿ."

ಅವನ ಮುಖ ಬಿಳಿಚಿಕೊಂಡಿತು. ಹಾಜರಿ ಪುಸ್ತಕ ಎತ್ತಿಕೊಂಡು ಹೊರಟುಹೋದ. ಆ ಸಂಜೆ ಬಸ್ ಸ್ಟಾಪಿಗೆ ಒಬ್ಬಳೇ ನಡೆದೆ. ಮರುದಿನವೂ, ಅದರ ಮರುದಿನವೂ. ಮೂರು ವಾರ.

*

ಮಾದರಿ ಪಾಠದ ದಿನ ಬೆಳಿಗ್ಗೆ ಶಾಲೆಯೆಲ್ಲ ಪೇಂಟ್ ವಾಸನೆ. ಕ್ಲಾಸನ್ನು ಬೆಚ್ಚಗಿಡುವ, ಕಿಟಕಿಯ ಕೆಳಗಿನ ರೇಡಿಯೇಟರಿಗೆ ಹಿಂದಿನ ದಿನ ಬಳಿದ ಬಿಳಿ ಬಣ್ಣ ಇನ್ನೂ ಅಂಟುತ್ತಿತ್ತು. ಮೇಜಿನ ಮೇಲೆ ನೀಲಿ ಬೇಸಿನ್ನು, ಅದರಲ್ಲಿ ಮೂರು ಕಿಲೋದ ಕಾರ್ಪ್ ಮೀನು, ಕಿವಿರು ಬಿಡಿಸಿ ತೋರಿಸಲಿಕ್ಕೆ. ಕೈ ಎಷ್ಟು ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ. ಇವತ್ತೇ ಹೀಗಾಗಬೇಕೇ ಎಂದು ಅಳು ಬಂತು.

ಕಾರಿಡಾರಿನಲ್ಲಿ ಅವನು ಎದುರಾದ. ಗಡ್ಡ ಬೋಳಿಸಿಕೊಂಡಿದ್ದ, ದವಡೆಯ ಪಕ್ಕ ಸಣ್ಣಗೆ ಕೊಯ್ದುಕೊಂಡ ಗುರುತು. ಬೂದು ಸ್ವೆಟರ್ ಬದಲು ಕೋಟು. ಇದನ್ನೆಲ್ಲ ಗಮನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

"ತಿಬೇರಿಯು ಸರ್."

"ಹೇಳಿ ಸ್ಮರಂದಾ ಮೇಡಂ."

"ಅಲ್ಲಿ ಮಾತಾಡಿದ್ದನ್ನ ಮಾತಾಡಿದ ಹಾಗೇ ಇಂಗ್ಲಿಷಲ್ಲಿ ಹೇಳ್ತೀರಲ್ಲ?"

"ನಾನು ಯಾವಾಗ ಬೇರೆ ಥರ ಹೇಳಿದ್ದೀನಿ?"

"ಅದೇ ನನಗೆ ಭಯ."

ಅವನ ತುಟಿಯ ಒಂದು ಮೂಲೆ ಅಲುಗಿತು. ನಕ್ಕನೋ, ನೊಂದುಕೊಂಡನೋ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಬೆಲ್ ಹೊಡೆಯಿತು.

ಅತಿಥಿಗಳು ಕಿಟಕಿಯ ಪಕ್ಕ ಕೂತರು. ಮುಂದಿನ ಕುರ್ಚಿಯಲ್ಲಿ ಪೋರ್ಚುಗಲ್ಲಿನ ಗ್ರಾಸಾ ಮೇಡಂ, ಅರವತ್ತರ ಹತ್ತಿರದವರು, ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ನೇತುಹಾಕಿದ್ದರು. ಅವರ ಪಕ್ಕ ತಿಬೇರಿಯು. ಕೊನೆಯ ಬೆಂಚಿನಲ್ಲಿ ಹೆಡ್‌ಮೇಡಂ, ಮಡಿಲಲ್ಲಿ ಡೈರಿ. ತಿಬೇರಿಯು ನನ್ನನ್ನು ನೋಡಲಿಲ್ಲ, ಬೇಸಿನ್ನಿನ ಮೀನನ್ನು ನೋಡುತ್ತಿದ್ದ.

ಪಾಠ ಶುರುವಾಯಿತು. ನಾನು ಒಂದು ವಾಕ್ಯ ಹೇಳುತ್ತಿದ್ದೆ, ಅರೆ ಕ್ಷಣ ಬಿಟ್ಟು ಅದೇ ವಾಕ್ಯ ಅವನ ದನಿಯಲ್ಲಿ ಇಂಗ್ಲಿಷ್ ಆಗಿ ಹೊರಡುತ್ತಿತ್ತು. ಮೂರು ವಾರ ಒಂದು ಮಾತಿಗೂ ಗತಿಯಿಲ್ಲದೆ ಇದ್ದವಳ ಮಾತನ್ನೆಲ್ಲ ಅವನು ಈಗ ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದ. ನಾನು ನಿಧಾನಿಸಿದರೆ ನಿಧಾನಿಸುತ್ತಿದ್ದ, ತಡವರಿಸಿದರೆ ಕಾಯುತ್ತಿದ್ದ. ಕಿವಿರಿನ ಕೆಂಪು ಎಳೆಗಳ ಬಗ್ಗೆ ಹೇಳುತ್ತ ನನ್ನ ದನಿ ನಡುಗಿತು. ಅದಕ್ಕೆ ಮೀನು ಕಾರಣವಾಗಿರಲಿಲ್ಲ.

"ನೀರಿನಲ್ಲಿರೋ ಗಾಳೀನ ಮೀನು ಯಾವುದ್ರಿಂದ ಹೀರ್ಕೊಳ್ಳುತ್ತೆ?"

ಇಪ್ಪತ್ತನಾಲ್ಕು ಕೈ ಮೇಲೆ ಹೋದವು. ಬಲಗೈ ಹುಡುಕಿ ಎಬ್ಬಿಸಿದೆ. ಸರಿ ಉತ್ತರ. ಇನ್ನೊಂದು ಪ್ರಶ್ನೆ, ಇನ್ನೊಂದು ಬಲಗೈ. ಟರ್ಕಿಯ ಶಿಕ್ಷಕಿ ಫೋನಿನಲ್ಲಿ ಚಿತ್ರ ತೆಗೆದಳು. ಹೆಡ್‌ಮೇಡಂ ಮುಖದಲ್ಲಿ ನಗು ಮೂಡಿತು. ಇನ್ನು ಹತ್ತು ನಿಮಿಷ ಹೀಗೇ ಸಾಗಿದರೆ ಸಹಿ ಬಿದ್ದ ಹಾಗೆ ಎಂದು ಎಣಿಸಿದೆ.

ಆಗ ಗ್ರಾಸಾ ಮೇಡಂ ಸ್ಕೂಲು ಹುಡುಗಿಯ ಹಾಗೆ ಕೈ ಎತ್ತಿದರು. ತಾನೊಂದು ಪ್ರಶ್ನೆ ಕೇಳಬಹುದೇ ಅಂತ. ಹೆಡ್‌ಮೇಡಂ ಧಾರಾಳವಾಗಿ ತಲೆಯಾಡಿಸಿದರು. ಗ್ರಾಸಾ ಕಿಟಕಿಯಾಚೆ ತೋರಿಸಿದರು. ಶಾಲೆಯ ಹಿಂದಿನ ಕೆರೆ ಕ್ರಿಸ್‌ಮಸ್ಸಿನಿಂದಲೂ ಹೆಪ್ಪುಗಟ್ಟಿ ಬಿದ್ದಿತ್ತು. ತಿಬೇರಿಯು ಮಕ್ಕಳಿಗೆ ಪ್ರಶ್ನೆ ತಿಳಿಸಿದ.

"ಮೇಲೆಲ್ಲಾ ಮಂಜುಗಡ್ಡೆ ಮುಚ್ಕೊಂಡಿದ್ಯಲ್ಲ, ಕೆಳಗಿರೋ ಮೀನಿಗೆ ಗಾಳಿ ಎಲ್ಲಿಂದ, ಅಂತ ಮೇಡಂ ಕೇಳ್ತಿದ್ದಾರೆ."

ನಾನು ಬರೆಸಿದ್ದ ಹದಿನಾಲ್ಕು ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಆದರೂ ಮಕ್ಕಳು ಕಲಿತದ್ದನ್ನು ಬಿಡಲಿಲ್ಲ. ಇಪ್ಪತ್ತನಾಲ್ಕು ಕೈ ಎದ್ದವು. ಇಪ್ಪತ್ತನಾಲ್ಕೂ ಎಡಗೈ.

ಗ್ರಾಸಾ ಮೇಡಂಗೆ ಖುಷಿಯೋ ಖುಷಿ. ಇಂಥ ಕ್ಲಾಸನ್ನು ಅವರು ಕಂಡೇ ಇರಲಿಲ್ಲವಂತೆ. ಮುಂದಿನ ಬೆಂಚಿನ ಮಿರೂನಾ ಎಂಬ ಹುಡುಗಿಯತ್ತ ಬೆರಳು ತೋರಿಸಿದರು.

ಮಿರೂನಾ ಎದ್ದು ನಿಂತಳು. ಗ್ರಾಸಾರನ್ನು ನೋಡಿದಳು, ನನ್ನನ್ನು ನೋಡಿದಳು. ನಮ್ಮ ಭಾಷೆಯಲ್ಲೇ ಸ್ಪಷ್ಟವಾಗಿ ಕೇಳಿದಳು.

"ಮೇಡಂ, ಇವರಿಗೆ ಯಾರೂ ಹೇಳಿಲ್ವಾ? ಎಡಗೈ ಎತ್ತಿದವ್ರನ್ನ ಕೇಳೋ ಹಾಗಿಲ್ಲ."

ಹೆಡ್‌ಮೇಡಂ ಕೈಯ ಪೆನ್ನು ನಿಂತಿತು. ಆರು ಅತಿಥಿಗಳೂ ಅರ್ಥಕ್ಕಾಗಿ ತಿಬೇರಿಯುವಿನ ಕಡೆ ತಿರುಗಿದರು.

ತಿಬೇರಿಯು ನನ್ನನ್ನು ನೋಡಿದ. ಮೂರು ವಾರದಲ್ಲಿ ಮೊದಲ ಸಲ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ. ಮುಗಿಯಿತು ಅಂದುಕೊಂಡೆ. ಮೇಯರಿಗೇ ಬಗ್ಗದವನು ನನಗೆ ಬಗ್ಗುತ್ತಾನೆಯೇ? ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತಾನೆ, ನಾನು ಆಗಸ್ಟಲ್ಲಿ ಕ್ಯೂ ನಿಲ್ಲುತ್ತೇನೆ. ಅವನು ಗಂಟಲು ಸರಿಮಾಡಿಕೊಂಡು ಗ್ರಾಸಾ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದ. ಕಾರ್ಟೂನು ನೋಡಿ ಕಲಿತ ಇಂಗ್ಲಿಷ್ ನನ್ನದು, ಆದರೂ ಪ್ರತಿ ಮಾತೂ ತಿಳಿಯಿತು.

ಕೆರೆಯ ತಳದ ನೀರು ಹೆಪ್ಪುಗಟ್ಟುವುದಿಲ್ಲ ಎನ್ನುತ್ತಿದ್ದಾಳೆ ಈ ಹುಡುಗಿ, ಮೀನು ಅಲ್ಲಿಗಿಳಿದು ಅಲುಗಾಡದೆ ಇರುತ್ತದೆ, ಕಡಿಮೆ ಉಸಿರಾಡುತ್ತದೆ ಎನ್ನುತ್ತಿದ್ದಾಳೆ. ಹೀಗೆಂದ ತಿಬೇರಿಯು. ಹೇಳಿ ಮುಗಿಸುವಷ್ಟರಲ್ಲಿ ಅವನ ಎರಡು ಕಿವಿಯೂ ಕೆಂಪಾಗಿದ್ದವು.

ಸುಳ್ಳು! ತಿಬೇರಿಯು ಸುಳ್ಳು ಹೇಳಿದ. ಆರು ಜನ ವಿದೇಶೀಯರ ಮುಂದೆ, ತನ್ನ ಶಿಷ್ಯರ ಮುಂದೆ, ನನಗೋಸ್ಕರ. ಮೇಜು ಹಿಡಿದುಕೊಂಡು ನಿಂತೆ. ಇವನು ನನ್ನನ್ನು ಪ್ರೀತಿಸುತ್ತಾನೆ ಎಂದು ಆಗ ನನಗೆ ಖಚಿತವಾಯಿತು. ಕಾಗದಕ್ಕೆ ಸಹಿ ಬಿತ್ತು ಎಂಬ ನೆಮ್ಮದಿಯೂ ಅದೇ ಉಸಿರಿಗೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಎರಡೂ ಸೇರಿ ಬಾಳಿದ್ದು ಅರ್ಧ ನಿಮಿಷ.

ಯಾಕೆಂದರೆ ಮಿರೂನಾ ಇನ್ನೂ ನಿಂತೇ ಇದ್ದಳು. ಎರಡು ವರ್ಷ ತಿಬೇರಿಯು ಸರ್ ತಿದ್ದಿ ತೀಡಿದ ಉಚ್ಚಾರಣೆಯಲ್ಲಿ, ಗ್ರಾಸಾ ಮೇಡಂಗೆ ಹೇಳಿದಳು.

"ಎಕ್ಸ್‌ಕ್ಯೂಸ್ ಮಿ. ಐ ಡಿಡ್ ನಾಟ್ ಸೇ ದಟ್."

ಗ್ರಾಸಾ ಕನ್ನಡಕ ತೆಗೆದರು. ಹೆಡ್‌ಮೇಡಂ ಅರ್ಧ ಎದ್ದು, "ತಮಾಷೆ ಮಾಡ್ತಾಳೆ, ತಮಾಷೆ" ಎಂದು ಹಲ್ಲು ಕಿರಿದರು. ಅದು ಇಂಗ್ಲಿಷ್ ಅಲ್ಲವಾದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. ತಿಬೇರಿಯು ಕುರ್ಚಿಯಿಂದ ಎದ್ದ. ಕ್ಷಮಿಸಿ, ತಪ್ಪು ನನ್ನದು, ಎಂದು ಶುರು ಮಾಡಿದ. ಹುಡುಗಿ ಹೇಳಿದ್ದು ತನಗೆ ಸರಿಯಾಗಿ ಕೇಳಿಸಲಿಲ್ಲ ಎನ್ನಲು ಹೊರಟಿದ್ದ ಅನ್ನುವುದು ಅವನ ಮುಖದಲ್ಲೇ ಬರೆದಿತ್ತು. ನಾನು ಸುಮ್ಮನಿದ್ದರೆ ಸಾಕು. ಕೆಟ್ಟ ಅನುವಾದಕ ಅಂತ ಅವನ ಹೆಸರು ಕೆಡುತ್ತದೆ, ನನ್ನ ಪಾಠ ಉಳಿಯುತ್ತದೆ, ಊರೂ ಉಳಿಯುತ್ತದೆ.

ಸುಮ್ಮನಿರಲು ಆಗಲಿಲ್ಲ. ಅವನು ನನಗಾಗಿ ಒಂದು ಸಲ ತಲೆ ತಗ್ಗಿಸಿದ್ದನ್ನು ನೋಡಿಯಾಗಿತ್ತು, ಎರಡನೆಯ ಸಲ ನೋಡುವ ಗಟ್ಟಿತನ ನನ್ನಲ್ಲಿರಲಿಲ್ಲ.

"ತಿಬೇರಿಯು ಸರ್, ಕೂತ್ಕೊಳ್ಳಿ. ನಾನು ಹೇಳೋದನ್ನ ಒಂದಕ್ಷರ ಬಿಡದೆ ಅವರಿಗೆ ಹೇಳಿ."

"ಬೇಡ ಮೇಡಂ," ಎಂದ ತಗ್ಗಿದ ದನಿಯಲ್ಲಿ.

"ಹೇಳಿ. ನಮ್ಮ ಮಕ್ಕಳು ಗೊತ್ತಿದ್ರೆ ಬಲಗೈ ಎತ್ತುತ್ತಾರೆ, ಗೊತ್ತಿಲ್ದಿದ್ರೆ ಎಡಗೈ. ಹಾಗೆ ಮಾಡಿ ಅಂತ ಹೇಳ್ಕೊಟ್ಟವಳು ನಾನು. ಮಕ್ಕಳದ್ದೇನೂ ತಪ್ಪಿಲ್ಲ."

ಅವನು ಹೇಳಿದ. ಪೋಲೆಂಡಿನವನು ಹುಬ್ಬೇರಿಸಿದ. ಕೊನೆಯ ಬೆಂಚಿನ ಕಡೆ ನಾನು ನೋಡಲಿಲ್ಲ.

"ತಿಬೇರಿಯು ಸರ್ ಈ ಶಾಲೇಲಿ ಆರು ವರ್ಷದಿಂದ ಇದ್ದಾರೆ. ಒಂದು ಸುಳ್ಳು ಹೇಳಿದವರಲ್ಲ. ಇವತ್ತು ಹೇಳಿದ್ರು. ನನಗೋಸ್ಕರ ಹೇಳಿದ್ರು."

ಅವನು ಅಲ್ಲಿಗೆ ನಿಂತ. ಕೋಟಿನ ಗುಂಡಿಯನ್ನು ತಿರುವುತ್ತಿದ್ದ.

"ಹೇಳಿ ಸರ್."

"ಸ್ಮರಂದಾ..." ಎಂದ. ಮಕ್ಕಳ ಮುಂದೆ ಮೇಡಂ ಬಿಟ್ಟು ಬರೀ ಹೆಸರು ಕರೆದದ್ದು ಅದೇ ಮೊದಲು.

"ಒಂದಕ್ಷರ ಬಿಡದೆ ಅಂದೆ."

ಅವನು ಗ್ರಾಸಾ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತ, ನನಗೆ ಹೇಳುವ ಹಾಗೆ ಹೇಳಿದ. "ಐ ಲೈಡ್. ಫಾರ್ ಹರ್."

ಇಂಗ್ಲಿಷ್ ಚೆನ್ನಾಗಿ ಬಲ್ಲ ಇಪ್ಪತ್ತನಾಲ್ಕು ಮಕ್ಕಳು ಬಾಯಿ ತೆರೆದು ಕೂತಿದ್ದರು. ಮೂರನೇ ಬೆಂಚಿನಿಂದ ಯಾರೋ "ಅಯ್ಯೋ ದೇವ್ರೇ" ಎಂದು ಪಕ್ಕದವಳ ಕೈ ಹಿಡಿದರು.

ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವಾದ್ದರಿಂದ ಪಾಠ ಮುಂದುವರಿಸಿದೆ.

"ಮಿರೂನಾ, ನಿಜವಾಗ್ಲೂ ಗೊತ್ತಿಲ್ವಾ?"

"ಗೊತ್ತು ಮೇಡಂ. ಆದ್ರೆ ನೀವು ಬರೆಸಿದ್ರಲ್ಲಿ ಅದು ಇರ್ಲಿಲ್ಲ, ಅದಕ್ಕೆ ಎಡಗೈ ಎತ್ತಿದೆ. ನಮ್ಮಪ್ಪ ಮಂಜುಗಡ್ಡೆ ಕೊರೆದು ತೂತು ಮಾಡ್ತಾರೆ. ಅದ್ರಲ್ಲಿ ಜೊಂಡಿನ ಕಟ್ಟು ನಿಲ್ಲಿಸ್ತಾರೆ. ಜೊಂಡು ಒಳಗೆ ಟೊಳ್ಳು ಅಲ್ವಾ, ಅದ್ರೊಳಗಿಂದ ಗಾಳಿ ಹೋಗುತ್ತೆ. ಇಲ್ಲಾಂದ್ರೆ ವಸಂತದಲ್ಲಿ ಮೀನೆಲ್ಲಾ ತೇಲ್ತವೆ."

ನನಗೇ ಇದು ಗೊತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದೆ. ಆಮೇಲಿನ ಹತ್ತು ನಿಮಿಷ ಯಾರೂ ಕೈ ಎತ್ತಲಿಲ್ಲ, ಎಲ್ಲರೂ ಒಟ್ಟಿಗೇ ಮಾತಾಡಿದರು. ತಿಬೇರಿಯುವಿನ ಅನುವಾದ ಅವರ ಹಿಂದೆ ಏದುಸಿರು ಬಿಡುತ್ತ ಓಡಿತು. ಬೆಲ್ ಹೊಡೆದು ಎಲ್ಲರೂ ಎದ್ದಾಗ ಪೋಲೆಂಡಿನವನ ಪ್ಯಾಂಟಿನ ಹಿಂದೆ ರೇಡಿಯೇಟರಿನ ಬಿಳಿ ಪಟ್ಟೆ ಸಾಲಾಗಿ ಮೂಡಿತ್ತು. ಗ್ರಾಸಾ ಮೇಡಂ ನನ್ನ ಬಳಿ ಬಂದು ಅಂಗೈ ಬಿಡಿಸಿ ತೋರಿಸಿದರು, ಆಮೇಲೆ ಮುಷ್ಟಿ ಬಿಗಿದು ತೋರಿಸಿದರು. ಅವರ ಶಾಲೆಯಲ್ಲಿ ಗೊತ್ತಿದ್ದವರು ಅಂಗೈ, ಗೊತ್ತಿಲ್ಲದವರು ಮುಷ್ಟಿಯಂತೆ. ಮೂವತ್ತನಾಲ್ಕು ವರ್ಷ ಯಾರಿಗೂ ಹೇಳಿಲ್ಲ ಎಂದು ತುಟಿಗೆ ಬೆರಳಿಟ್ಟರು.

*

ಹೆಡ್‌ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಸಹಿ ಹಾಕಲ್ಲ, ಸ್ಮರಂದಾ. ನೀನು ಮಾಡಿದ್ದನ್ನೇ ನಾನು ನಲವತ್ತು ವರ್ಷ ಮಾಡಿದ್ದೀನಿ. ಆದ್ರೆ ನೀನು ಅದನ್ನ ಹೊರಗಿನವರ ಮುಂದೆ ಬಾಯಿಬಿಟ್ಟೆ. ನಾಳೆ ಇನ್‌ಸ್ಪೆಕ್ಟರ್ ಕೇಳಿದ್ರೆ ನಾನೇನು ಹೇಳ್ಲಿ?"

"ಅರ್ಥ ಆಯ್ತು ಮೇಡಂ," ಎಂದೆ. ಅರ್ಥವೇನೋ ಆಗಿತ್ತು. ಹೊರಗೆ ಬಂದು ಮೀನಿನ ವಾಸನೆ ಹೋಗದ ಕೈಯನ್ನು ಮತ್ತೆ ತೊಳೆಯುತ್ತ ನಿಂತೆ.

ಮಧ್ಯಾಹ್ನ ಮೂರಕ್ಕೆ ಜಿಮ್ ಹಾಲಿನಲ್ಲಿ ಅತಿಥಿಗಳಿಗೆ ಔತಣ. ತಾಯಂದಿರು ಕಳಿಸಿದ ಎಲೆಕೋಸಿನ ಸುರುಳಿ, ಸಿಹಿ ಬ್ರೆಡ್ಡು, ಟೀ ಕೆಟಲಿನಲ್ಲಿ ಟೀ ಅಲ್ಲದ ಪ್ಲಮ್ಮಿನ ಸಾರಾಯಿ. ಡ್ರಿಲ್ ಮೇಷ್ಟ್ರು ಅಕಾರ್ಡಿಯನ್ ಎತ್ತಿಕೊಂಡರು. ಎಲ್ಲರೂ ಕೈ ಕೈ ಹಿಡಿದು ಹೋರಾ ಕುಣಿತದ ಸುತ್ತು ಕಟ್ಟಿದರು. ನಾನು ಕೋಟು ಹಾಕಿಕೊಂಡು ಬಾಗಿಲಿಗೆ ಬಂದೆ. ಬಾಗಿಲಲ್ಲಿ ಅವನು ನಿಂತಿದ್ದ.

"ಹೊರಟ್ರಾ?"

"ನಾಲ್ಕರ ಬಸ್ಸಿಗೆ."

"ಹೆಡ್‌ಮೇಡಂ?"

"ಹಾಕಲ್ಲ ಅಂದ್ರು."

ಅವನು ತನ್ನ ಬೂಟಿನ ತುದಿ ನೋಡಿದ. "ಯಾವ ಊರು ಸಿಗಬಹುದು?"

"ಆಗಸ್ಟಲ್ಲಿ ಗೊತ್ತಾಗುತ್ತೆ. ಯಾರಿಗೂ ಬೇಡವಾದ್ದು."

"ಯಾರಿಗೂ ಬೇಡವಾದ ಊರಲ್ಲಿ ಇಂಗ್ಲಿಷ್ ಮೇಷ್ಟ್ರೂ ಇರಲ್ಲ."

"ಅಂದ್ರೆ?"

"ವರ್ಗಾವಣೆ ಅರ್ಜಿ ಹಾಕ್ತೀನಿ. ನೀವು ಯಾವ ಊರು ಆರಿಸ್ಕೋತೀರೋ ಅಲ್ಲಿಗೆ."

ನಾನು ಅವನನ್ನೇ ನೋಡಿದೆ. ಇಲ್ಲಿ ಅವನ ಮನೆ, ಅವನ ತಾಯಿ, ಆರು ವರ್ಷದ ಖಾಯಂ ಕುರ್ಚಿ.

"ತಿಬೇರಿಯು ಸರ್, ಸುಮ್ಸುಮ್ನೆ ಮಾತಾಡ್ಬೇಡಿ. ಅಮ್ಮನಿಗೆ ಏನು ಹೇಳ್ತೀರಾ?"

"ಅಮ್ಮನೇ ಫೋನ್ ಮಾಡಿದ್ಲು. ಇಂಗ್ಲಿಷಲ್ಲಿ ಏನೋ ಅಂದ್ಯಂತಲ್ಲ, ಯಾರಿಗೆ ಅಂದೆ ಅಂತ ಕೇಳಿದ್ಲು. ಮಿರೂನಾ ಅಜ್ಜಿ ನಮ್ಮ ಪಕ್ಕದ ಮನೆಯವ್ರು." ಅವನು ನಗಲಿಲ್ಲ, ಹೆದರಿದ್ದ. "ಅವತ್ತು ಸ್ಟಾಫ್ ರೂಮಲ್ಲಿ ನೀವು ಹೇಳಿದ್ದು ಸರಿ. ನನಗೆ ಸತ್ಯ ಸಲೀಸು. ಏನೂ ಕಳ್ಕೋಬೇಕಾಗಿರ್ಲಿಲ್ಲ. ಇವತ್ತು ನಿಮ್ಮನ್ನ ಕಳ್ಕೋತೀನಿ ಅನ್ನಿಸ್ತು, ನಾಲಿಗೆ ತಾನಾಗೇ ಹೊರಳ್ತು. ಮೂರು ವಾರ ಮಾತಾಡ್ದೆ ಇದ್ದದ್ದು ಸಿಟ್ಟಿಗಲ್ಲ, ನಾಚಿಕೆಗೆ."

ನನ್ನ ಕಣ್ಣು ತುಂಬಿಬಂತು. ಅದನ್ನು ಅವನಿಗೆ ತೋರಿಸುವ ಇಷ್ಟವಿಲ್ಲದೆ ಕುಣಿತದ ಕಡೆ ತಿರುಗಿದೆ. ಗ್ರಾಸಾ ಮೇಡಂ ಸುತ್ತಿನೊಳಗಿಂದ ನಮ್ಮಿಬ್ಬರನ್ನೂ ಕೈ ಬೀಸಿ ಕರೆಯುತ್ತಿದ್ದರು. ನಮ್ಮ ಕಡೆ ಹೋರಾ ಸುತ್ತಿನಲ್ಲಿ ಗಂಡಸು ಬೇಕೆಂದೇ ಜಾಗ ಮಾಡಿಕೊಂಡು ಒಬ್ಬಳ ಪಕ್ಕ ಸೇರಿದರೆ ಊರು ಅದನ್ನು ಮರೆಯುವುದಿಲ್ಲ. ತಿಬೇರಿಯು ನನ್ನ ಹೆಗಲಿನಿಂದ ಕೋಟು ತೆಗೆದು ಕುರ್ಚಿಗೆ ಹಾಕಿದ. ಸುತ್ತಿನಲ್ಲಿ ಒಂದು ಜೋಡಿ ಕೈಯನ್ನು ಬಿಡಿಸಿ ನನ್ನನ್ನು ಒಳಗೆ ಸೇರಿಸಿ, ತಾನೂ ಸೇರಿ, ನನ್ನ ಕೈ ಹಿಡಿದ. ನನ್ನ ಇನ್ನೊಂದು ಕೈ ಯಾರ ಕೈಯಲ್ಲಿದೆ ಎಂದು ನೋಡಿದರೆ, ಹೆಡ್‌ಮೇಡಂ ಒಲಿಂಪಿಯಾ.

ಅವರು ಕೈ ಬಿಡಿಸಿಕೊಳ್ಳಲಿಲ್ಲ. "ಹೆಜ್ಜೆ ಸರಿಯಾಗಿ ಹಾಕು, ಅತಿಥಿಗಳು ನೋಡ್ತಿದ್ದಾರೆ" ಎಂದರು ಅಷ್ಟೆ.

"ಕೈ ಮೀನು ವಾಸನೆ ಬರ್ತಿದೆ," ಎಂದೆ ತಿಬೇರಿಯುವಿಗೆ.

"ಬರ್ಲಿ."

ಒಂದು ಸುತ್ತು ಮುಗಿಯಿತು. ಎರಡನೆಯದು ಶುರುವಾಯಿತು. ಅಕಾರ್ಡಿಯನ್ನಿನ ಅಬ್ಬರದಲ್ಲಿ ಅವನು ನನ್ನ ಕಿವಿಯ ಹತ್ತಿರ ಬಗ್ಗಿದ.

"ನನ್ನನ್ನ ಮದುವೆ ಆಗ್ತೀಯಾ ಸ್ಮರಂದಾ?"

ಮೊದಲ ಸಲವೇ ನನಗೆ ಚೆನ್ನಾಗಿ ಕೇಳಿಸಿತ್ತು. ಆದರೆ ಮೂರು ವಾರ ಒಬ್ಬಳೇ ಬಸ್ ಸ್ಟಾಪಿಗೆ ನಡೆದವಳು ನಾನು.

"ಏನು? ಜೋರಾಗಿ ಹೇಳು, ಕೇಳಿಸ್ತಿಲ್ಲ."

ಅವನು ಉಸಿರೆಳೆದುಕೊಂಡು, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದ. ಅಕಾರ್ಡಿಯನ್ ನಿಂತಿತು. ಕುಣಿತ ನಿಂತಿತು. ಆಗಸ್ಟಿನಲ್ಲಿ ಯಾವ ಊರಿಗೆ ಹೋಗುತ್ತೇವೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹೆಡ್‌ಮೇಡಂ ನನ್ನ ಕೈಯನ್ನು ಮೆಲ್ಲಗೆ ಅದುಮಿದರು.

"ಹೂಂ," ಎಂದೆ.